ಚೋಮನ ಸಾವು ಯಾರಿಗೆ ಚಂದ?

ಡಿ ಸಿಕಾನ ‘ಬೈಸಿಕಲ್ ಥೀವ್ಸ್’ (1948) ಕೊನೆಗೆ, ಸೈಕಲ್ಲು ಕದ್ದು ಸಿಕ್ಕಿಬಿದ್ದ ರಿಚಿ ಮಗನ ಕೈಹಿಡಿದು ರೋಮಿನ ಜನಜಂಗುಳಿಯೊಳಗೆ ಸೇರಿಹೋಗುತ್ತಾನೆ. ಅವಮಾನಪಟ್ಟವನೇ, ಆದರೂ ಗುಂಪು ಅವನನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ‘ಚೋಮನ ದುಡಿ’ಯ (1975) ಚೋಮನಿಗೆ ಸೇರಿಹೋಗಲು ಅಂಥ ಗುಂಪೇ ಇಲ್ಲ. ಎತ್ತಿದ್ದರೂ ಉಳಲು ನೆಲ ಸಿಗದೆ ದುಡಿ ಬಾರಿಸುತ್ತಲೇ ಸಾಯುತ್ತಾನೆ. ಬಿ.ವಿ. ಕಾರಂತರ ಚಿತ್ರಕ್ಕೆ ಸ್ವರ್ಣಕಮಲ ಬಂತು, ವಾಸುದೇವರಾವ್ ನಟನೆಗೂ ರಾಷ್ಟ್ರಪ್ರಶಸ್ತಿ. ಸರಿ, ನಾನೂ ಮೆಚ್ಚಿದವನೇ. ಆದರೆ ಆ ಸಾವನ್ನು ‘ದುರಂತ’ ಅಂದು ಕೈತೊಳೆದುಕೊಳ್ಳುವ ವಿಮರ್ಶೆಯ ಬಗ್ಗೆ ನನ್ನ ತಕರಾರಿದೆ. ನೆಲ ಕೊಡದಿರೋದು ವಿಧಿಯೇನ್ರಿ? ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಕಡೆ ಹಲಗಿ ಬಾರಿಸೋ ಕೈಗಳಿಗೆ ಈ ಪ್ರಶ್ನೆ ಹೊಸದಲ್ಲ.

ಇಲ್ಲೇ ಪಕ್ಕದ ಸವಣೂರಿನಲ್ಲಿ, 2010ರ ಜುಲೈನಲ್ಲಿ, ಮಲ ಹೊರುತ್ತಿದ್ದ ಕುಟುಂಬದವರು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡರು. ಅದರ ಮುಂದೆ ‘ಅಯ್ಯೋ ಪಾಪ’ ನಡೆಯಂಗಿಲ್ಲ. ನೋಡೋನು ಮೂಗು ಮುಚ್ಚಿಕೊಂಡರೂ ಸಿಕ್ಕಿಬೀಳುತ್ತಾನೆ.

ನೋಡುವವನನ್ನು ಹೀಗೆ ಹಿಡಿದು ನಿಲ್ಲಿಸಿದ ಚಿತ್ರ ನಾಗರಾಜ ಮಂಜುಳೆಯವರ ಮರಾಠಿ ‘ಫ್ಯಾಂಡ್ರಿ’ (2013). ಹಂದಿ ಹಿಡಿಯುವ ಜಬ್ಯಾನ ಮನೆಯವರನ್ನು ಕಂಡು ನಗುವ ಊರವರ ಸಾಲಿನಲ್ಲೇ ಟಿಕೆಟ್ ಕೊಂಡ ನಾವೂ ಕುಂತಿರುತ್ತೇವೆ. ಅವನೆಸೆದ ಕಲ್ಲು ನೇರ ಕ್ಯಾಮರಾಕ್ಕೇ ಬರುತ್ತದೆ.