ಸರಪಳಿ, ಆಣೆ, ಬಾಂದುಕಲ್ಲು

ಚೆಂದದ ಕಾಗದ ಅಂದರೆ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಹೊಲದ ಟಿಪ್ಪಣಿ. ಸರ್ವೆ ಕಚೇರಿಯ ದಫ್ತರಿನಲ್ಲಿ ಬಟ್ಟೆಯ ಗಂಟಿನೊಳಗೆ ಮಲಗಿರುವ, ಒಂದೊಂದು ಸರ್ವೆ ನಂಬರಿಗೆ ಒಂದೊಂದರಂತೆ ಬರೆದಿಟ್ಟ ಆ ಪುಟ್ಟ ಕೈನಕ್ಷೆ. ಜನ ಅದನ್ನು ನೆನೆಯುವುದು ಬದುವಿನ ಜಗಳ ಬಂದಾಗ ಮಾತ್ರ. ವಕೀಲರು ನಕಲಿಗೆ ಮುದ್ರೆ ಬಿದ್ದಿದೆಯೋ ಇಲ್ಲವೋ ಎಂದಷ್ಟೇ ನೋಡುತ್ತಾರೆ. ನಾನು ಅದನ್ನು ನೋಡುವ ಸುಖಕ್ಕಾಗಿಯೇ ನೋಡುವವನು. ಹಳದಿಗಟ್ಟಿದ ಹಾಳೆ, ಮಾಸಿದ ಮಸಿ, ನಡುವೆ ಹೊಲದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಾಯ್ದ ನೇರವಾದ ಒಂದು ಗೆರೆ. ಆ ಗೆರೆಯ ಎಡಬಲಕ್ಕೆ ಲಂಬವಾಗಿ ಹೊರಟ ಸಣ್ಣ ಸಣ್ಣ ಅಡ್ಡಗೆರೆಗಳು. ಒಂದೊಂದರ ತುದಿಗೂ ಹೊಲದ ಒಂದು ತಿರುವು, ಬದಿಗೆ ಇರುವೆಯಂಥ ಅಂಕಿ. ಅಷ್ಟೇ. ಪ್ರಮಾಣಕ್ಕೆ ತಕ್ಕಂತೆ ಬರೆದ ಚಿತ್ರವಲ್ಲ ಅದು, ಹೊಲದ ಆಕಾರ ಅಂದಾಜಿನದು. ಆದರೆ ಅಂಕಿಗಳು ಅಂದಾಜಿನವಲ್ಲ. ಒಂದು ಗೆರೆ ಹೆಚ್ಚಿಲ್ಲ, ಒಂದು ಅಂಕಿ ಕಮ್ಮಿಯಿಲ್ಲ. ಇಷ್ಟು ಮಿತವಾಗಿ, ಇಷ್ಟು ತುಂಬಿಕೊಂಡು ಮಾತಾಡುವ ಬರವಣಿಗೆ ಸರ್ಕಾರಿ ದಫ್ತರಿನಲ್ಲಿ ಮತ್ತೊಂದಿಲ್ಲ.

ಇದರ ರುಚಿ ಹತ್ತಬೇಕಾದರೆ ಮೊದಲು ಸರಪಳಿಯ ಪರಿಚಯವಾಗಬೇಕು. ಎಡ್ಮಂಡ್ ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞ 1620ರ ಸುಮಾರಿಗೆ ಬಳಕೆಗೆ ತಂದ ಸರಪಳಿ 66 ಅಡಿಯದು. ನಮ್ಮ ದಖನ್ನಿನ ಭೂಮಾಪಕರ ಕೈಗೆ ಬಂದದ್ದು ಅದರ ಅರ್ಧ, 33 ಅಡಿ. ಆ 33 ಅಡಿಯನ್ನು ಹದಿನಾರು ಭಾಗ ಮಾಡಿ ಒಂದೊಂದಕ್ಕೂ ಆಣೆ ಎಂದರು. ರೂಪಾಯಿಗೆ ಹದಿನಾರು ಆಣೆ ಇದ್ದ ಕಾಲ ಅದು. ಸಂತೆಯ ಲೆಕ್ಕ ಬಲ್ಲ ಯಾವ ಒಕ್ಕಲಿಗನಿಗೂ ಸರಪಳಿಯ ಲೆಕ್ಕ ಬೇರೆಯಾಗಿ ಕಲಿಸಬೇಕಿರಲಿಲ್ಲ. ಹೊಲದ ಅಳತೆ ಜೇಬಿನ ಕಾಸಿನ ಲೆಕ್ಕದಲ್ಲೇ ನಡೆಯಿತು. ಇದನ್ನು ಯೋಚಿಸಿದವರ ತಲೆಗೆ ನಾನು ಕೈ ಮುಗಿಯುತ್ತೇನೆ.

ಸೊಗಸು ಇನ್ನೂ ಮುಂದೆ ಇದೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ತುಂಡು ಎಂದರೆ 1089 ಚದರಡಿ, ಅದೇ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಗಜದ ಲೆಕ್ಕದವರಿಗೆ ಗುಂಟೆಗೆ 121 ಚದರ ಗಜ. ಗುಣಿಸಿ ಭಾಗಿಸಿ ಪರದಾಡುವುದೇ ಬೇಡ, ಸರಪಳಿಯನ್ನು ಸರಪಳಿಯಿಂದ ಗುಣಿಸಿದರೆ ಗುಂಟೆ ತಾನಾಗಿ ಉದುರುತ್ತದೆ. ಒಂದು ಹೊಲ ನೋಡೋಣ. ನಡುಗೆರೆಯ ಒಂದು ಬದಿಗೆ ತ್ರಿಕೋನ: ತಳ ಎಂಟು ಸರಪಳಿ, ಎತ್ತರ ಐದು. ಎಂಟೈದಲಿ ನಲವತ್ತು, ಅರ್ಧ ಇಪ್ಪತ್ತು. ಇಪ್ಪತ್ತು ಗುಂಟೆ ಬಂತು. ಇನ್ನೊಂದು ಬದಿಗೆ ಆರು ಸರಪಳಿ ಉದ್ದದ ಪಟ್ಟಿ; ಒಂದು ತುದಿಯಲ್ಲಿ ಅಗಲ ಮೂರು ಸರಪಳಿ ಎಂಟು ಆಣೆ, ಇನ್ನೊಂದು ತುದಿಯಲ್ಲಿ ನಾಲ್ಕು ಸರಪಳಿ ಎಂಟು ಆಣೆ. ಸರಾಸರಿ ನಾಲ್ಕು. ಆರ್ನಾಕಲಿ ಇಪ್ಪತ್ತನಾಲ್ಕು. ಎರಡೂ ಸೇರಿ ನಲವತ್ತನಾಲ್ಕು ಗುಂಟೆ, ಅಂದರೆ ಒಂದು ಎಕರೆ ನಾಲ್ಕು ಗುಂಟೆ. ಬೇವಿನ ನೆರಳಲ್ಲಿ ಕೂತು ಬೆರಳು ಮಡಿಸಿ ಮುಗಿಸಬಹುದಾದ ರೇಖಾಗಣಿತ.

ಈ ಪದ್ಧತಿಯ ಬೇರು ಬೊಂಬಾಯಿ ಪ್ರಾಂತದ್ದು. 1835ರಲ್ಲಿ ಪುಣೆಯ ಕಡೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಬ್ರಿಟಿಷ್ ಅಧಿಕಾರಿಗಳು ಶುರುಮಾಡಿದ ಭೂಕಂದಾಯದ ಬಂದೋಬಸ್ತು ಅದು. ಒಂದು ಜೋಡಿ ಎತ್ತು ಉಳಬಹುದಾದಷ್ಟು ನೆಲವನ್ನು ಒಂದು ಸರ್ವೆ ನಂಬರಿನ ಅಳತೆಗೋಲು ಮಾಡಿಕೊಂಡದ್ದು ಅವರ ಜಾಣತನ. ನಿಜಾಮರ ಸೀಮೆಗೆ ಅದು ಬಂದದ್ದು ಸಾಲಾರ್ ಜಂಗ್ ದಿವಾನರಾಗಿದ್ದಾಗ, 1870ರ ದಶಕದಲ್ಲಿ. ಹಾಗಾಗಿ ಬೀದರ್, ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಸೇಡಂ ಎಲ್ಲ ಕಡೆಯೂ ಒಂದೇ ಸರಪಳಿ, ಒಂದೇ ಆಣೆ, ಒಂದೇ ಬಗೆಯ ಟಿಪ್ಪಣಿ. ಸೇತ್ವಾರ್ ಎಂಬ ಮೂಲ ದಾಖಲೆಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಕಂದಾಯ. ಲಿಪಿ ಉರ್ದು, ವರ್ಷ ಕಂದಾಯ ಲೆಕ್ಕದ ಫಸಲಿ. ಬಲದಿಂದ ಎಡಕ್ಕೆ ಹರಿಯುವ ಅಕ್ಷರಗಳ ನಡುವೆ ಎಡದಿಂದ ಬಲಕ್ಕೆ ನಡೆಯುವ ಅಂಕಿಗಳನ್ನು ನೋಡುವಾಗ ನನಗೆ ಪ್ರತಿಸಲವೂ ಪುಳಕ. ಇದೆಲ್ಲ ಮುಗಿದ ಮೇಲೆ ಬಂದದ್ದು 1954–55ರ ಖಾಸ್ರಾ ಪಹಣಿ. ತೆಲಂಗಾಣದ ಕಡೆ ಇಂದಿಗೂ ಹಕ್ಕಿನ ಮಾತು ಬಂದರೆ ಹಿರಿಯರು ಮೊದಲು ಕೇಳುವುದು ಅದನ್ನೇ. ಆದರೆ ಪಹಣಿ ಹೇಳುವುದು ಹೊಲ ಯಾರದು ಎಂದು; ಎಲ್ಲಿಂದ ಎಲ್ಲಿಗೆ ಎಂದು ಹೇಳುವುದು ಟಿಪ್ಪಣಿ. ನನ್ನ ಪಕ್ಷಪಾತ ಯಾವುದರ ಕಡೆ ಎಂದು ಬೇರೆ ಹೇಳಬೇಕಿಲ್ಲ.

ಕಾಗದದಿಂದ ಕಲ್ಲಿಗೆ ಬರೋಣ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ತಾಲೂಕುಗಳ ಬಾಂದುಕಲ್ಲುಗಳನ್ನು ನೋಡುತ್ತ ಹೋಗುವುದು ಒಂದು ಭೂಗರ್ಭದ ಯಾತ್ರೆ. ಬೀದರಿನಿಂದ ಜಹೀರಾಬಾದಿಗೆ ಇಳಿಯುವ ದಾರಿಯಲ್ಲಿ ಕೆಮ್ಮಣ್ಣು, ಮುರಕಲ್ಲು. ಹೊಸದಾಗಿ ಕಡಿದಾಗ ಚಾಕುವಿಗೂ ಮಣಿಯುವಷ್ಟು ಮೆದು, ಗಾಳಿಬಿಸಿಲು ಕುಡಿದ ಮೇಲೆ ಗಡುಸು. ಮೈತುಂಬ ತೂತು, ತೂತಿನ ತುಂಬ ತುಕ್ಕಿನ ಬಣ್ಣ. ನಾರಾಯಣಖೇಡದ ಕಡೆ ಕರಿಕಲ್ಲು, ಒರಟು, ಮೌನಿ, ಮಳೆಯಲ್ಲಿ ತೊಯ್ದರೆ ಎಮ್ಮೆಯ ಬೆನ್ನಿನಂತೆ ಹೊಳೆಯುತ್ತದೆ. ತಾಂಡೂರಿಗೆ ಬಂದರೋ, ಆಹಾ, ಅಲ್ಲಿಯ ಸುಣ್ಣಕಲ್ಲು! ಶಹಾಬಾದಿನ ಕಲ್ಲಿನ ಒಡಹುಟ್ಟು. ಪದರ ಪದರವಾಗಿ ನೆಲದಲ್ಲೇ ಅಡಕಿಟ್ಟ ನೀಲಿಬೂದಿ ಮತ್ತು ಹಳದಿ ಹಾಸುಗಳು. ಉಳಿಯಿಟ್ಟು ತಟ್ಟಿದರೆ ಸಮವಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಆ ಕಲ್ಲನ್ನೇ ಅಲ್ಲಿ ಹೊಲದಂಚಿಗೆ ನೆಟ್ಟಗೆ ನಿಲ್ಲಿಸಿ ಬೇಲಿ ಮಾಡುತ್ತಾರೆ. ತೊಗರಿ ಹೂ ಬಿಟ್ಟ ದಿನಗಳಲ್ಲಿ, 2022ರಲ್ಲಿ ಭೌಗೋಳಿಕ ಸೂಚಕ ಪಡೆದ ಅದೇ ತಾಂಡೂರು ತೊಗರಿ, ಆ ಹಳದಿಯ ನಡುವೆ ನೀಲಿ ಹಾಸುಗಲ್ಲಿನ ಸಾಲು ನೋಡಿದವರಿಗೆ ಗಡಿ ಎಂಬುದು ಒರಟು ಸಂಗತಿ ಅನ್ನಿಸಲಾರದು.

ಎರೆಮಣ್ಣಿಗೆ ಮಾತ್ರ ಕಲ್ಲಿನ ಮೇಲೆ ಹಗೆ. ಬೇಸಿಗೆಯಲ್ಲಿ ಬಾಯಿಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಆ ಏರಿಳಿತದಲ್ಲಿ ಕಲ್ಲು ವಾಲುತ್ತದೆ, ಹೂತುಹೋಗುತ್ತದೆ. ಹೀಗಾದಾಗಲೇ ಟಿಪ್ಪಣಿಯ ನಿಜವಾದ ವೈಭವ. ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು, ಬಂದ ಭೂಮಾಪಕ, ಒಳ್ಳೆಯವನಾದರೆ, ಮೊದಲು ಹೊಲ ನೋಡುವುದಿಲ್ಲ. ಎಲ್ಲಿ ಎರಡು ಹಳೆಯ ಕಲ್ಲು ಅಲುಗದೆ ಉಳಿದಿವೆ ಎಂದು ಹುಡುಕುತ್ತಾನೆ. ಅಕ್ಕಪಕ್ಕದ ಸರ್ವೆ ನಂಬರುಗಳ ಟಿಪ್ಪಣಿಯನ್ನೂ ತರಿಸಿಕೊಳ್ಳುತ್ತಾನೆ, ಮೂರು ಊರಿನ ಶಿವಾರ ಕೂಡುವ ಕಲ್ಲು ಸಿಕ್ಕರೆ ಅವನ ಮುಖ ಅರಳುತ್ತದೆ. ಅಲ್ಲಿಂದ ನಡುಗೆರೆ ಹೊರಡುತ್ತದೆ. ಝಂಡಿ ನೆಟ್ಟು ನೇರ ನೋಡಿ ಸರಪಳಿ ಎಳೆಯುತ್ತಾರೆ. ‘ಜಗ್ಗಿ ಹಿಡೀರಿ ಕಾಕಾ, ಸರಪಳಿಗಿ ಹೊಟ್ಟಿ ಬರಬಾರ್ದು’ ಎಂದು ಕೂಗುವ ದನಿ ಬೀದರ್ ಸೀಮೆಯ ಹೊಲಗಳಲ್ಲಿ ಕೇಳಿದವನು ನಾನು. ಸರಪಳಿ ಜೋತುಬಿದ್ದರೆ ಅಳತೆ ಸುಳ್ಳು ಹೇಳುತ್ತದೆ, ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಇಳಿಜಾರಿನಲ್ಲಿ ನೆಲದ ಗುಂಟ ಎಳೆಯುವಂತಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಮಟ್ಟಕ್ಕೆ ಹಿಡಿದು ಇಳಿಯಬೇಕು.

ಆರು ಸರಪಳಿ, ನಾಲ್ಕು ಆಣೆ. ಅಲ್ಲಿ ನಿಲ್ಲಬೇಕು. ಕ್ರಾಸ್ ಸ್ಟಾಫ್ ಎಂಬ ಮರದ ಗುಬಟು ಕೋಲಿನ ಮೇಲೆ ಕೂರುತ್ತದೆ. ಅದರಲ್ಲಿ ಒಂದಕ್ಕೊಂದು ಲಂಬವಾಗಿ ಕೊರೆದ ಎರಡು ಸೀಳು. ಒಂದರಲ್ಲಿ ಕಣ್ಣಿಟ್ಟು ನಡುಗೆರೆಯ ಝಂಡಿ ಹಿಡಿಯಬೇಕು, ಇನ್ನೊಂದರಲ್ಲಿ ನೋಡಿ ಅಡ್ಡಗೆರೆ ಹೊರಡಿಸಬೇಕು. ಎರಡು ಸರಪಳಿ. ಹನ್ನೊಂದು ಆಣೆ. ಇಲ್ಲಿ. ಅಲ್ಲೇನೂ ಇಲ್ಲ, ಬರೀ ಕರಿಮಣ್ಣು, ಒಣಗಿದ ಜೋಳದ ಕೂಳೆ. ಸಲಿಕೆ ಬೀಳುತ್ತದೆ. ಒಂದು ಗೇಣು ಮಣ್ಣು ಸರಿಯುತ್ತದೆ. ಇನ್ನಷ್ಟು ಸರಿಯುತ್ತದೆ. ಸುತ್ತ ನಿಂತ ಎರಡೂ ಕಡೆಯ ಹೊಲದವರು, ಅಲ್ಲಿಯವರೆಗೆ ಒಬ್ಬರ ಮುಖ ಒಬ್ಬರು ನೋಡದವರು, ಒಟ್ಟಿಗೇ ಬಗ್ಗುತ್ತಾರೆ. ಟಣ್. ಸಲಿಕೆಯ ಬಾಯಿಗೆ ಕಲ್ಲು. ಯಾರದೋ ಅಜ್ಜನ ಕಾಲದಲ್ಲಿ, ಹೆಸರಿಲ್ಲದ ಯಾರೋ ಭೂಮಾಪಕ ಬರೆದಿಟ್ಟ ಎರಡು ಅಂಕಿ ಮಣ್ಣಿನೊಳಗಿನ ಕಲ್ಲನ್ನು ಕರೆದು ತೋರಿಸಿದ ಆ ಗಳಿಗೆಯ ಸೊಗಸನ್ನು ನಾನು ಸಂಗೀತ ಕಛೇರಿಗಳಲ್ಲೂ ಕಂಡದ್ದು ಕಡಿಮೆ.

ಈ ಸೀಮೆಗೆ ಅಳತೆಯ ಭಾಗ್ಯ ಹಣೆಯಲ್ಲೇ ಬರೆದಿತ್ತೇನೋ. ಕಲ್ಯಾಣದ ಚಾಲುಕ್ಯರ ಕಾಲದಲ್ಲೇ ಇಲ್ಲಿಯ ದಾನಶಾಸನಗಳು ಗಳೆಯಿಂದ ಅಳೆದು ಮತ್ತರು, ಕಮ್ಮದ ಲೆಕ್ಕದಲ್ಲಿ ನೆಲ ಕೊಡುತ್ತಿದ್ದವು, ಲಿಂಗಮುದ್ರೆಯ ಕಲ್ಲು ನೆಟ್ಟು ಎಲ್ಲೆ ಗೊತ್ತುಮಾಡುತ್ತಿದ್ದವು. ಗಡಿಯ ಕೆಳಗೆ ಇದ್ದಿಲು, ಬೋಕಿ, ಬೂದಿಯಂಥ ಕೊಳೆಯದ ವಸ್ತುಗಳನ್ನು ಹೂಳಬೇಕೆಂದು ಮನುಸ್ಮೃತಿಯೇ ಹೇಳುತ್ತದೆ. ಆ ಗ್ರಂಥದ ಎಷ್ಟೋ ಮಾತಿಗೆ ನನ್ನ ತಕರಾರಿದ್ದರೂ ಈ ಒಂದು ಮಾತಿಗೆ ಇಲ್ಲ. ಇನ್ನು ಭೂಗೋಳವನ್ನೇ ಅಳೆಯಲು ಹೊರಟವರೂ ಇಲ್ಲಿಗೇ ಬಂದರು. 1802ರಲ್ಲಿ ಮದರಾಸಿನಲ್ಲಿ ಕೆಲಸ ಹಿಡಿದ ವಿಲಿಯಂ ಲ್ಯಾಂಬ್ಟನ್, ಅರ್ಧ ಟನ್ನು ತೂಕದ ಥಿಯೊಡೊಲೈಟನ್ನು ಹೊರಿಸಿಕೊಂಡು, 1815ರಲ್ಲಿ ಬೀದರಿನ ಬಳಿ ಆಧಾರರೇಖೆ ಅಳೆದರು. ಅದೇ ರೇಖೆಯನ್ನು 1841ರಲ್ಲಿ ಆಂಡ್ರೂ ವಾ ಮತ್ತೆ ಅಳೆದರು, ಈ ಸಲ ಹಿತ್ತಾಳೆ ಮತ್ತು ಕಬ್ಬಿಣದ ಜೋಡಿಪಟ್ಟಿಗಳಿಂದ. ಬಿಸಿಲಿಗೆ ಒಂದು ಲೋಹ ಹಿಗ್ಗಿದಷ್ಟನ್ನು ಇನ್ನೊಂದರ ಹಿಗ್ಗು ಸರಿದೂಗಿಸುವ ನಾಜೂಕಿನ ಉಪಕರಣ ಅದು. ಬೀದರಿನ ಈಶಾನ್ಯಕ್ಕೆ, ನಾರಾಯಣಖೇಡದ ಬದಿಗೆ ದಾಮರಗಿದ್ದ ಎಂಬ ನೆಲೆ. ಕನ್ಯಾಕುಮಾರಿಯ ಬಳಿಯಿಂದ ಲ್ಯಾಂಬ್ಟನ್ ಉತ್ತರಕ್ಕೆ ಅಳೆಯುತ್ತ ತಂದ ಮಹಾರೇಖೆಯ ಒಂದು ಘಟ್ಟ ಮುಗಿದದ್ದು ಅಲ್ಲಿ, ಜಾರ್ಜ್ ಎವರೆಸ್ಟ್ ತಮ್ಮ ಘಟ್ಟ ತೊಡಗಿದ್ದೂ ಅಲ್ಲಿಂದಲೇ. 1847ರಲ್ಲಿ ಎವರೆಸ್ಟ್ ಪ್ರಕಟಿಸಿದ ಗ್ರಂಥದ ಹೆಸರಿನಲ್ಲೇ 18 ಡಿಗ್ರಿ 3 ಮಿನಿಟು 15 ಸೆಕೆಂಡು ಎಂಬ ಅಕ್ಷಾಂಶ ಇದೆ. ಅದು ದಾಮರಗಿದ್ದದ್ದು. ಹಿಮಾಲಯದ ಶಿಖರ ಯಾರ ಹೆಸರು ಹೊತ್ತಿದೆಯೋ ಅವರ ಪುಸ್ತಕದ ಶೀರ್ಷಿಕೆಯಲ್ಲಿ ನಮ್ಮ ಪಕ್ಕದ ಹಳ್ಳಿ ಅಂಕಿಯ ವೇಷ ತೊಟ್ಟು ಕೂತಿದೆ.

ಹೀಗೆ ಅಚ್ಚುಕಟ್ಟಾಗಿ ಅಳೆದ ನೆಲವಾದ್ದರಿಂದಲೇ 1956ರ ನವೆಂಬರ್ 1ರ ಕತ್ತರಿ ಇಲ್ಲಿ ಅಷ್ಟು ನಯವಾಗಿ ಹಾಯ್ದಿತು. ರಾಜ್ಯ ಪುನರ್ವಿಂಗಡಣೆಯ ಕಾಯ್ದೆ ಓದಿ ನೋಡಿ, ಒಣ ಭಾಷೆಯೊಳಗೂ ಒಂದು ಖಚಿತತೆಯ ಚೆಲುವಿದೆ. ಬೀದರ್ ಜಿಲ್ಲೆಯಿಂದ ನಾರಾಯಣಖೇಡ ತಾಲೂಕು, ಬೀದರ್ ತಾಲೂಕಿನ ನ್ಯಾಲಕಲ್ ಸರ್ಕಲ್, ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಜಹೀರಾಬಾದ್ ತಾಲೂಕು. ಗುಲ್ಬರ್ಗಾ ಜಿಲ್ಲೆಯಿಂದ ಕೊಡಂಗಲ್ ಮತ್ತು ತಾಂಡೂರು. ಇಷ್ಟು ಆಂಧ್ರಕ್ಕೆ, ಮಿಕ್ಕದ್ದರಲ್ಲಿ ಕನ್ನಡದ ಪಾಲು ಮೈಸೂರಿಗೆ. ಮನಸ್ಸುಗಳಿಗೆ ಏನೇನಾಯಿತು ಎಂಬುದು ಬೇರೆ ಕಥೆ, ಅದನ್ನು ಹೇಳುವವರು ಹೇಳಿದ್ದಾರೆ. ನನ್ನ ಕಣ್ಣು ಗೆರೆಯ ಮೇಲೆ. ರಾಜ್ಯದ ಗಡಿ ಎಂದು ನಾವು ಕರೆಯುವುದು ಇಲ್ಲಿ ಹಳೆಯ ಊರುಗಳ ಶಿವಾರದ ಗೆರೆಯೇ. ಬದುವಿನ ಈಚೆ ಕನ್ನಡದ ಪಹಣಿ, ಆಚೆ ತೆಲುಗಿನ ಪಾಸ್‌ಬುಕ್ಕು. ಎರಡರ ತಳದಲ್ಲೂ ಅದೇ ಉರ್ದು ಸೇತ್ವಾರ್, ಅದೇ 33 ಅಡಿ.

ಈಗ ಹೊಲಕ್ಕೆ ರೋವರ್ ಬರುತ್ತದೆ. ಒಂಟಿ ಕೋಲು, ತುದಿಗೊಂದು ಗುಂಡಗಿನ ಪೆಟ್ಟಿಗೆ, ಆಕಾಶದ ಉಪಗ್ರಹಗಳ ಜತೆ ಮಾತು. ಸೆಂಟಿಮೀಟರುಗಳಲ್ಲಿ ಜಾಗ ಹೇಳುತ್ತದೆ. ಕೂಗಾಟವಿಲ್ಲ, ಬೆವರಿಲ್ಲ, ಸರಪಳಿಗೆ ಹೊಟ್ಟೆಯೂ ಬರುವುದಿಲ್ಲ. ನಾನು ಇದರ ವಿರೋಧಿಯಲ್ಲ, ಅದರದೂ ಒಂದು ತಣ್ಣನೆಯ ಅಂದ. ದಸ್ತಾವೇಜುಗಳೂ ಈಗ ಅಳತೆ ಕೇಳುತ್ತವೆ: ಕರ್ನಾಟಕದಲ್ಲಿ ಹೊಲದ ಒಂದು ಭಾಗ ಮಾರಬೇಕಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕೇಬೇಕು. ತೆಲಂಗಾಣದಲ್ಲಿ 2020ರ ಧರಣಿ ಎಂಬ ಭೂದಾಖಲೆ ವ್ಯವಸ್ಥೆಯ ಜಾಗಕ್ಕೆ 2025ರ ಏಪ್ರಿಲ್ 14ರಿಂದ ಭೂಭಾರತಿ ಬಂದಿದೆ, ಅದರಲ್ಲೂ ದಸ್ತಾವೇಜಿಗೆ ಅಳತೆಯ ನಕ್ಷೆ ಜೋಡಿಸುವ ಏರ್ಪಾಡಿದೆ. ಒಳ್ಳೆಯದೇ ಆಯಿತು. ಆದರೆ ರೋವರಿಗೆ ತಾನು ನಿಂತ ಜಾಗ ಗೊತ್ತೇ ಹೊರತು ಕಲ್ಲು ನಿಲ್ಲಬೇಕಾದ ಜಾಗ ಗೊತ್ತಿಲ್ಲ. ಅದನ್ನು ಹೇಳಬೇಕಾದದ್ದು ಆ ಹಳದಿ ಹಾಳೆಯೇ. ಆಣೆಯನ್ನು ಮೀಟರಿಗೆ ತಿರುಗಿಸುವಾಗ ಕಣ್ಣು ಮಂಜಾದರೆ ರೋವರಿನ ಖಚಿತತೆ ತಪ್ಪು ಜಾಗವನ್ನೇ ಖಚಿತವಾಗಿ ತೋರಿಸುತ್ತದೆ.

ಆದ್ದರಿಂದ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಕಡೆ ಹೊಲ ಉಳ್ಳವರಲ್ಲಿ, ಗಡಿಯ ಈಚೆಗಿನ ಬೀದರ್, ಸೇಡಂ, ಚಿಂಚೋಳಿಯವರಲ್ಲೂ, ನನ್ನದೊಂದು ಕೇಳಿಕೆ. ಅಳತೆಗೆ ಅರ್ಜಿ ಹಾಕುವಾಗ ಸರ್ವೆ ದಫ್ತರಿನಿಂದ ನಿಮ್ಮ ಹೊಲದ ಟಿಪ್ಪಣಿಯ ನಕಲನ್ನೂ ತೆಗೆಸಿ, ಸಾಧ್ಯವಾದರೆ ನೆರೆಹೊಲದವರದನ್ನೂ. ಮನೆಗೆ ತಂದು ಕಡತಕ್ಕೆ ಸೇರಿಸುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಮೊದಲು ನಡುಗೆರೆ ಹಿಡಿಯಿರಿ, ಆಮೇಲೆ ಎಡಬಲದ ಅಂಕಿಗಳನ್ನು ಒಂದೊಂದಾಗಿ ಓದಿ, ಗುಂಟೆ ಕೂಡಿಸಿ, ಸೇತ್ವಾರಿನ ಮೊತ್ತಕ್ಕೆ ತಾಳೆ ನೋಡಿ. ತಾಳೆ ಬಿದ್ದರೆ ಖುಷಿ ನಿಮ್ಮದು. ಬೀಳದಿದ್ದರೆ ಭೂಮಾಪಕರು ಬಂದ ದಿನ ಕೇಳಬೇಕಾದ ಮೊದಲ ಪ್ರಶ್ನೆ ನಿಮ್ಮ ಕೈಯಲ್ಲಿರುತ್ತದೆ.