ಗಂಧವಿಲ್ಲದ ಗಂಧದ ಕಡ್ಡಿ

ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಊದುಬತ್ತಿ ಪೊಟ್ಟಣದ ಮೇಲೆ ಶ್ರೀಗಂಧದ ಕೊರಡಿನ ಚಿತ್ರವಿರುತ್ತದೆ. ಅಸಲಿ ಶ್ರೀಗಂಧದೆಣ್ಣೆಯ ಬೆಲೆಯೋ, ಕಿಲೋಗೆ ಲಕ್ಷ ರೂಪಾಯಿ ದಾಟಿ ಎಷ್ಟೋ ಕಾಲವಾಯಿತು. ಎರಡೂ ಲೆಕ್ಕ ತಾಳೆಯಾಗುವುದಿಲ್ಲ. ಪೊಟ್ಟಣದಲ್ಲಿರುವುದು ಕಾರ್ಖಾನೆಯಲ್ಲಿ ತಯಾರಾದ ಪರಿಮಳ. ಅಷ್ಟರಿಂದಲೇ ಅದು ಕೆಟ್ಟದ್ದಾಗುವುದಿಲ್ಲ. ಒಂದಷ್ಟು ಗಂಧದ ಮರ ಉಳಿಯಿತು ಎಂದೂ ಸಮಾಧಾನಪಡಬಹುದು. ತಕರಾರು ಬೇರೆಯದು. ಮನೆಯೊಳಗೆ ಸುಟ್ಟು ಮನೆಮಂದಿಯೆಲ್ಲ ಉಸಿರಾಡುವ ಈ ವಸ್ತುವಿನಲ್ಲಿ ಏನೇನಿದೆ ಎಂದು ಕೊಳ್ಳುವವರಿಗೆ ತಿಳಿಸುವ ರೂಢಿಯೇ ಬೆಳೆದಿಲ್ಲ.

ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಆ ಹೆಸರಿನ ಹಿಂದಿರುವುದು ಮಸಾಲೆ ಬತ್ತಿಯ ಕಸುಬು: ಗಂಧದ ಪುಡಿ, ಹಾಲ್ಮಡ್ಡಿ, ಬೇರು, ಸುಗಂಧ ತೈಲಗಳನ್ನು ಕಲಸಿ ಕಡ್ಡಿಗೆ ಹೊಸೆಯುವುದು. ಇಂದು ಮಾರುಕಟ್ಟೆ ತುಂಬಿರುವ ಅಗ್ಗದ ಸರಕಿನ ದಾರಿ ಬೇರೆ. ಇದ್ದಿಲ ಪುಡಿ, ಮರದ ಹೊಟ್ಟು, ಜಿಗಟು ಪುಡಿ ಸೇರಿಸಿ ಬಿದಿರು ಕಡ್ಡಿಗೆ ಮೆತ್ತಿದ ವಾಸನೆಯಿಲ್ಲದ ಕಚ್ಚಾ ಬತ್ತಿಯನ್ನು ಸುಗಂಧ ದ್ರಾವಣದಲ್ಲಿ ಅದ್ದಿ ಒಣಗಿಸುತ್ತಾರೆ. ಪರಿಮಳವನ್ನು ತೆಳುಮಾಡಲು, ಅದು ಬೇಗ ಹಾರಿಹೋಗದಂತೆ ಹಿಡಿದಿಡಲು ಡೈಈಥೈಲ್ ಥ್ಯಾಲೇಟ್ ಎಂಬ ರಾಸಾಯನಿಕವನ್ನು ಹೇರಳವಾಗಿ ಬಳಸುತ್ತಾರೆ. ಇಂಥ ಪೊಟ್ಟಣ ಬಿಚ್ಚಿದರೆ ಕಡ್ಡಿ ಹಚ್ಚುವ ಮೊದಲೇ ಘಾಟು ಮೂಗಿಗೆ ಅಡರುತ್ತದೆ, ಒಳಕವರು ಬೆರಳಿಗೆ ಎಣ್ಣೆಯೆಣ್ಣೆಯಾಗಿ ಹತ್ತುತ್ತದೆ. ಹೊರಗೆ ಮಾತ್ರ ತೂಕ, ಬೆಲೆ, ವಿಳಾಸ, ದೇವರ ಚಿತ್ರ. ಪದಾರ್ಥಗಳ ಪಟ್ಟಿ ಕಾಣುವುದು ಅಪರೂಪ.

ಅಪಾಯ ಎಷ್ಟು? ಒಂದು ಗ್ರಾಂ ಊದುಬತ್ತಿ ಉರಿದರೆ ಸುಮಾರು 45 ಮಿಲಿಗ್ರಾಂ ಸೂಕ್ಷ್ಮ ಕಣಗಳು ಹೊಮ್ಮುತ್ತವೆ, ಒಂದು ಗ್ರಾಂ ಸಿಗರೇಟಿನಿಂದ ಸುಮಾರು 10 ಎಂಬ ಅಳತೆಯನ್ನು ವೈದ್ಯಕೀಯ ಲೇಖನಗಳು ಮತ್ತೆ ಮತ್ತೆ ಎತ್ತಿ ಹೇಳುತ್ತವೆ. ಅಂಕಿ ಸರಿಯಿದ್ದರೂ ಅದನ್ನು ಹಿಡಿದು ಹೆದರಿಸುವುದು ಸರಿಯಲ್ಲ: ಸಿಗರೇಟಿನ ಹೊಗೆಯನ್ನು ನೇರ ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತಾರೆ, ಬತ್ತಿಯ ಹೊಗೆ ಕೋಣೆಯಲ್ಲಿ ಹರಡಿ ತೆಳುವಾಗುತ್ತದೆ. ಆದರೆ ಕಿಟಕಿಯಿಲ್ಲದ ಪುಟ್ಟ ದೇವರ ಕೋಣೆಯಲ್ಲಿ ಅದು ತೆಳುವಾಗಲು ಜಾಗವೆಲ್ಲಿದೆ? ಸಿಂಗಪುರದ 61,320 ಚೀನೀ ಮೂಲದವರನ್ನು ವರ್ಷಗಟ್ಟಲೆ ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನ, ದೀರ್ಘಕಾಲ ಧೂಪ ಬಳಸಿದವರಲ್ಲಿ ಮೂಗು, ಬಾಯಿ, ಗಂಟಲಿನ ಭಾಗದ ಕೆಲವು ಕ್ಯಾನ್ಸರ್‌ಗಳು ಹೆಚ್ಚಿದ್ದನ್ನು ಕಂಡಿತು. ಅಲ್ಲಿನ ಮನೆಗಳಲ್ಲಿ ಧೂಪ ಹಗಲೂ ರಾತ್ರಿ ಉರಿಯುವುದುಂಟು. ಬೆಳಿಗ್ಗೆ ಒಂದು ಕಡ್ಡಿ ಹಚ್ಚುವವರಿಗೆ ಅದೇ ತೀರ್ಪು ಅನ್ವಯಿಸುವುದಿಲ್ಲ. ಆಸ್ತಮಾ ಇರುವವರು, ಹಸುಗೂಸುಗಳು, ವಯಸ್ಸಾದವರು ಇರುವ ಮನೆಯ ಮಾತೇ ಬೇರೆ. ಅಲ್ಲಿ ಒಂದು ಕಡ್ಡಿಯೂ ಕೆಮ್ಮು ಎಬ್ಬಿಸೀತು.

ಹೊಗೆಯ ಜೊತೆಗೆ ಪರಿಮಳದ್ದೂ ಒಂದು ಲೆಕ್ಕವಿದೆ. ಕಸ್ತೂರಿ ವಾಸನೆಗಾಗಿ ಬಳಕೆಯಲ್ಲಿದ್ದ ಮಸ್ಕ್ ಆಂಬ್ರೆಟ್ ಪ್ರಾಣಿಗಳ ನರಗಳಿಗೆ ಹಾನಿ ಮಾಡುತ್ತದೆಂದು, ಬಿಸಿಲಿಗೆ ಮನುಷ್ಯರ ಚರ್ಮ ಕೆರಳಿಸುತ್ತದೆಂದು ಗೊತ್ತಾದ ಮೇಲೆ ಯುರೋಪು ಅದನ್ನು 1995ರಲ್ಲಿ ಪ್ರಸಾಧನಗಳಿಂದ ಹೊರಗಿಟ್ಟಿತು. ಧೂಪದಲ್ಲಿದ್ದ ಇದೇ ವಸ್ತುವಿನಿಂದ ಚರ್ಮ ಕಪ್ಪಿಟ್ಟ ಪ್ರಕರಣವನ್ನು ಜಪಾನಿನ ವೈದ್ಯರು 1987ರಲ್ಲೇ ವರದಿ ಮಾಡಿದ್ದರು. ಹಾಗೆಂದು ‘ನೈಸರ್ಗಿಕ’ ಎಂಬ ಮುದ್ರೆಯನ್ನು ನಂಬಿ ನಿಶ್ಚಿಂತರಾಗುವಂತೆಯೂ ಇಲ್ಲ. ನಿಂಬೆ, ಕಿತ್ತಳೆ ಎಣ್ಣೆಯ ಲಿಮೊನೀನ್ ಕೂಡ ಗಾಳಿಯಲ್ಲಿನ ಓಝೋನ್ ಜೊತೆ ವರ್ತಿಸಿ ಫಾರ್ಮಾಲ್ಡಿಹೈಡ್ ಹುಟ್ಟಿಸುತ್ತದೆ. ಸುಟ್ಟ ಮೇಲೆ ಅಪ್ಪಟ ಶ್ರೀಗಂಧವೂ ಹೊಗೆಯೇ.

ಈ ಹಿನ್ನೆಲೆಯಲ್ಲಿ ಭಾರತೀಯ ಮಾನಕ ಬ್ಯೂರೋ (ಬಿಐಎಸ್) 2025ರ ಡಿಸೆಂಬರಿನಲ್ಲಿ ಹೊರತಂದ ಐಎಸ್ 19412 ಅಗರಬತ್ತಿ ಮಾನದಂಡ ತಡವಾದರೂ ಸ್ವಾಗತಾರ್ಹ. ಅಲೆಥ್ರಿನ್, ಸೈಪರ್ಮೆಥ್ರಿನ್, ಫಿಪ್ರೊನಿಲ್‌ನಂಥ ಕೀಟನಾಶಕಗಳನ್ನೂ ಬೆಂಜೈಲ್ ಸಯನೈಡ್, ಈಥೈಲ್ ಅಕ್ರಿಲೇಟ್, ಡೈಫೀನೈಲಮೈನ್ ಎಂಬ ಸುಗಂಧ ಸಂಬಂಧಿ ರಾಸಾಯನಿಕಗಳನ್ನೂ ಅದು ನಿಷೇಧಿಸಿದೆ. ಸೊಳ್ಳೆ ಬತ್ತಿಯ ಹೆಸರಿನಲ್ಲಿ ವಿಷ ಸುಡುವ ದಂಧೆಗೆ ಇದು ಸರಿಯಾದ ಪೆಟ್ಟು. ಕೊರತೆಯೂ ಇದೆ: ಮಾನದಂಡಕ್ಕೆ ಹೊಂದುವ ಸರಕಿಗೆ ಬಿಐಎಸ್ ಮುದ್ರೆ ಹಾಕಿಕೊಳ್ಳಬಹುದು ಎಂಬಲ್ಲಿಗೆ ಮಾತು ನಿಂತಿದೆ. ‘ಬಹುದು’ ಎಂಬಲ್ಲಿ ‘ಬೇಕು’ ಬರುವವರೆಗೆ ಬೇಕಾಬಿಟ್ಟಿ ತಯಾರಿಸುವವರು ಮೊದಲಿನಂತೆಯೇ ಇರುತ್ತಾರೆ.

ಈ ಚರ್ಚೆಯಲ್ಲಿ ಸದಾ ಮರೆತುಹೋಗುವವರು ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಮನೆಯಲ್ಲೇ ಕೂತು ಬತ್ತಿ ಹೊಸೆಯುವ ಹೆಂಗಸರು, ಶೆಡ್ಡುಗಳಲ್ಲಿ ಅದ್ದುವ ಕೆಲಸದವರು. ಕೊಳ್ಳುವವರಿಗೆ ನಿಮಿಷಗಳ ಲೆಕ್ಕದಲ್ಲಿ ತಾಕುವುದು ಇವರಿಗೆ ದಿನವಿಡೀ ತಾಕುತ್ತದೆ: ಇದ್ದಿಲ ಧೂಳು ಉಗುರಿನೊಳಗೆ, ದ್ರಾವಣ ಬರಿಗೈ ಮೇಲೆ. ಪದಾರ್ಥಗಳ ಪಟ್ಟಿ ಮೊದಲು ಬೇಕಾಗಿರುವುದು ಇವರಿಗೆ.

ಊದುಬತ್ತಿ ಬಿಡಿ ಎಂದು ಯಾರೂ ಹೇಳಬೇಕಿಲ್ಲ. ಹಚ್ಚುವುದು ಒಂದೇ ಕಡ್ಡಿಯಿರಲಿ, ಕಿಟಕಿ ತೆರೆದಿರಲಿ, ಕೂಸು ಮಲಗಿರುವ ಕೋಣೆಯಲ್ಲಿ ಬೇಡ. ಸರ್ಕಾರ ಮುದ್ರೆಯನ್ನೂ ಪದಾರ್ಥಗಳ ಪಟ್ಟಿಯನ್ನೂ ಕಡ್ಡಾಯ ಮಾಡಲಿ. ಮೈಸೂರಿನ ಹೆಸರು ಹೇಳಿ ಮಾರುವವರು ಅದಕ್ಕೆ ಕಾಯದೆ ಪೊಟ್ಟಣದೊಳಗೆ ಏನಿದೆ ಎಂದು ತಾವೇ ಅಚ್ಚು ಹಾಕಿಸಲಿ. ಮುಚ್ಚಿಡುವಂಥದ್ದು ಏನೂ ಇಲ್ಲದಿದ್ದರೆ ಅದಕ್ಕೆ ತಗಲುವ ಖರ್ಚು ನಾಲ್ಕು ಸಾಲು ಶಾಯಿ ಮಾತ್ರ.