ಒದ್ದೆಯ ದೋಷಕ್ಕೆ ಬಿಸಿಲಿನ ಪರೀಕ್ಷೆ

ಮಿರಗದ ಮಳೆ ಹಿಡಿದರೆ ಬೆಳಗಾವಿಯ ಸೋಲಾರ್ ಅಂಗಡಿಗಳ ಫೋನಿಗೆ ಬಿಡುವಿರುವುದಿಲ್ಲ. ಕರೆ ತಿಲಕವಾಡಿಯದಿರಲಿ, ಖಾನಾಪುರ ದಾಟಿ ಜಾಂಬೋಟಿಯದಿರಲಿ, ದೂರು ಒಂದೇ: "ಮಳಿ ಬಂದ್ರ ಟ್ರಿಪ್ ಆಗತೈತ್ರಿ." ಉತ್ತರವೂ ಹೆಚ್ಚುಕಡಿಮೆ ಒಂದೇ: "ಹಸಿ ಆಗಿರತೈತ್ರಿ, ಬಿಸಲ ಬಿದ್ದ ಮ್ಯಾಲ ತಾನ ಚಾಲೂ ಆಗತೈತಿ." ನಗರದಲ್ಲಿ ಬಹುತೇಕ ಹಾಗೇ ಆಗುತ್ತದೆ. ಹತ್ತು ಹನ್ನೊಂದರ ಹೊತ್ತಿಗೆ ಮೋಡ ಸರಿದರೆ ಇನ್ವರ್ಟರಿನ ಕೆಂಪು ದೀಪ ಹಸಿರಾಗುತ್ತದೆ, ಫೋನ್ ಮಾಡಿದವರು ಸುಮ್ಮನಾಗುತ್ತಾರೆ. ಮನೆ ಸೋಲಾರಿನ ದುರಸ್ತಿ ಎಂದು ನಮ್ಮಲ್ಲಿ ನಡೆಯುತ್ತಿರುವುದರ ದೊಡ್ಡ ಪಾಲು ಹೀಗೆ ಬಿಸಿಲಿಗಾಗಿ ಕಾಯುವುದು. ಇದು ದುರಸ್ತಿಯಲ್ಲ, ಸಾಕ್ಷಿ ಒಣಗಲೆಂದು ಬಿಡುವುದು.

ಪ್ಯಾನೆಲ್ಲು ವರ್ಷಗಟ್ಟಲೆ ಮಳೆಯಲ್ಲೇ ನಿಲ್ಲಲೆಂದು ಮಾಡಿದ ವಸ್ತು. ಐಇಸಿ 61215 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಅದನ್ನು ನೀರಿನಲ್ಲಿ ಅದ್ದಿ ವಿದ್ಯುತ್ ಸೋರಿಕೆ ಅಳೆಯುವ ಪರೀಕ್ಷೆಯೇ ಇದೆ. ಇನ್ಸುಲೇಷನ್ ರೋಧವನ್ನು ಪ್ಯಾನೆಲ್ಲಿನ ವಿಸ್ತೀರ್ಣದಿಂದ ಗುಣಿಸಿದರೆ ಬರುವ ಸಂಖ್ಯೆ 40 ಮೆಗಾಓಮ್‌-ಚದರ ಮೀಟರಿಗಿಂತ ಕೆಳಗಿಳಿಯಬಾರದು. 540 ವ್ಯಾಟಿನ ಒಂದು ಪ್ಯಾನೆಲ್ ಸುಮಾರು 2.6 ಚದರ ಮೀಟರ್. ಅಂದರೆ ತೊಯ್ದು ತೊಪ್ಪೆಯಾದಾಗಲೂ ಒಂದೊಂದರಲ್ಲಿ 15 ಮೆಗಾಓಮ್ ಉಳಿದಿರಬೇಕು. ಮೂರು ಕಿಲೋವ್ಯಾಟಿನ ಮನೆಯ ಆರು ಪ್ಯಾನೆಲ್ಲುಗಳನ್ನು ಒಟ್ಟಿಗೆ ಹಿಡಿದರೂ ಎರಡೂವರೆ ಮೆಗಾಓಮ್ ಆಯಿತು. ಇನ್ವರ್ಟರ್ ದಿನಾ ಬೆಳಿಗ್ಗೆ ಲೈನಿಗೆ ಸೇರುವ ಮೊದಲು ಇದನ್ನೇ ಅಳೆದು ನೋಡಿಕೊಳ್ಳುತ್ತದೆ. ಐಇಸಿ 62109-2 ಹೇಳುವ ಮಿತಿಯ ಲೆಕ್ಕ ಸುಲಭ: ಗರಿಷ್ಠ ವೋಲ್ಟೇಜನ್ನು 30 ಮಿಲಿಆಂಪಿಯರಿನಿಂದ ಭಾಗಿಸುವುದು. 600 ವೋಲ್ಟಿನ ಯಂತ್ರಕ್ಕೆ ಅದು 20 ಕಿಲೋಓಮ್. ತಯಾರಕರು ಸಾಮಾನ್ಯವಾಗಿ ಇದಕ್ಕಿಂತ ಬಹಳ ಮೇಲೆ ಇಟ್ಟಿರುತ್ತಾರೆ. ಆದರೆ ಅದು ಒಂದು ಮೆಗಾಓಮ್ ಇದ್ದರೂ ಆರು ಸರಿಯಾದ ಪ್ಯಾನೆಲ್ಲುಗಳು ಆರಿದ್ರಾ ಮಳೆಯಲ್ಲೂ ಅದನ್ನು ದಾಟಿ ನಿಲ್ಲಬೇಕು. ಯಂತ್ರ ಐಸೊಲೇಷನ್ ದೋಷವೆಂದು ತೋರಿಸಿ ನಿಂತಿದೆಯೆಂದರೆ ಛಾವಣಿಯಿಂದ ಇನ್ವರ್ಟರಿನವರೆಗೆ ಯಾವುದೋ ಒಂದು ಕಡೆ, ಬಹುತೇಕ, ತಾಮ್ರ ನೀರು ಮುಟ್ಟಿದೆ.

ಇದು ಸೋಲಾರ್ ಕೂರಿಸುವವರಿಗೆ ಗೊತ್ತಿಲ್ಲವೆಂದಲ್ಲ. ಫೆಬ್ರುವರಿ 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿಯ ಆಸೆಯಿಂದ ಕೆಲಸ ಭರದಿಂದ ಸಾಗಿದೆ. ವಿದ್ಯುತ್ ಕಂಪನಿ ಹೆಸ್ಕಾಂನ ಮೀಟರ್ ಕೂತು, ಉತ್ಪಾದನೆ ತೋರಿಸಿ, ಫೋಟೋ ಏರಿಸಿದರೆ ಕಡತ ಮುಗಿಯಿತು. ಏಪ್ರಿಲ್ ಬಿಸಿಲಿನಲ್ಲಿ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿದರೆ ಕೆಟ್ಟ ಜೋಡಣೆಯೂ ಪಾಸಾಗುತ್ತದೆ. ಕರ್ನಾಟಕದ ಸೋಲಾರಿಗೆ ಹೆಸರು ತಂದದ್ದು ಪಾವಗಡದ 2,050 ಮೆಗಾವ್ಯಾಟಿನ ಪಾರ್ಕು. ಅದು ಮಳೆಗಾಗಿ ಮುಗಿಲು ನೋಡುವ ಸೀಮೆ. ಅಲ್ಲಿಗೆ ಸಾಕಾಗುವ ಕೈಚಳಕ ಮಲಪ್ರಭೆ ಹುಟ್ಟುವ, ಮಳೆ ಸುರಿಯುವ ಕಣಕುಂಬಿಗೆ ಸಾಲದು.

ಬಿಸಿಲಿಗೆ ಕಾಯುವ ಈ ಪದ್ಧತಿಯ ಎರಡನೆಯ ದೌರ್ಬಲ್ಯ, ಏನು ಬಂದ್ ಆಗಿದೆ ಎಂದು ಕೇಳದೆಯೇ ಉತ್ತರ ಕೊಡುವುದು. ಮನೆಯ ಆರ್‌ಸಿಸಿಬಿ ಎಂಬ ಸೋರಿಕೆ ಹಿಡಿಯುವ ಸ್ವಿಚ್ಚಿನ ಗುಂಡಿ ಕೆಳಗೆ ಬಿದ್ದಿದ್ದರೆ ಅದು ಒಂದು ಕಥೆ. ಹಿತ್ತಲಿನ ಪಂಪು, ಹೊರಗಿನ ದೀಪ, ನೀರು ಜಿನುಗುವ ಗೋಡೆಯೊಳಗಿನ ಸ್ವಿಚ್ಚು ಇವೆಲ್ಲ ಸೋಲಾರ್ ಇಲ್ಲದಿದ್ದರೂ ಅದನ್ನು ಬೀಳಿಸುತ್ತವೆ. ಇನ್ವರ್ಟರಿನ ಪರದೆಯ ಮೇಲೆ ಗ್ರಿಡ್ ದೋಷ ಎಂದಿದ್ದರೆ ತೊಂದರೆ ಹೊರಗಿನ ಲೈನಿನದು. ಗಾಳಿಗೆ ಕೊಂಬೆ ಬಿದ್ದು ಕರೆಂಟ್ ಹೋದಾಗ ಇನ್ವರ್ಟರೂ ನಿಲ್ಲಬೇಕು, ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ ಸತ್ತಾನು. ಕರೆಂಟ್ ಬಂದ ಮೇಲೂ ಕೆಲವು ನಿಮಿಷ ಕಾದೇ ಅದು ಸೇರಿಕೊಳ್ಳುತ್ತದೆ. ಲೋಂಡಾ ಕಡೆಯ ಕಾಡಿನ ಲೈನುಗಳಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋದರೆ ಇನ್ವರ್ಟರ್ ನಾಲ್ಕು ಸಲ ನಿಂತೀತು, ಅದನ್ನು ಬೈದು ಪ್ರಯೋಜನವಿಲ್ಲ. ಐಸೊಲೇಷನ್ ದೋಷವೆಂದು ಬಂದಾಗ ಮಾತ್ರ ಪ್ಯಾನೆಲ್ಲಿನ ಕಡೆ ಹೋಗಬೇಕು. ಪರದೆಯ ಫೋಟೋ, ಅದು ಬಂದ ಹೊತ್ತು ಇವೆರಡನ್ನು ಮನೆಯವರಿಂದ ಕೇಳಿ ಪಡೆಯುವ ಅಂಗಡಿ ಅರ್ಧ ಕೆಲಸ ಮುಗಿಸಿದಂತೆ.

ಮಳೆಯನ್ನೇ ದೂರಬಹುದಾದ ಸಂದರ್ಭವೂ ಒಂದುಂಟು, ಅದನ್ನು ಮುಚ್ಚಿಡಬಾರದು. ಒಳಗಿನ ಸೆಲ್ಲುಗಳು ಒಂದು ಕಡೆ, ಒದ್ದೆ ಗಾಜು ಮತ್ತು ಫ್ರೇಮು ಇನ್ನೊಂದು ಕಡೆಯಾಗಿ ಪ್ಯಾನೆಲ್ಲು ಕೆಪಾಸಿಟರ್ ಆಗುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಇನ್ವರ್ಟರಿನಲ್ಲಿ ಇದರಿಂದ ಭೂಮಿಗೆ ಹರಿಯುವ ಸೋರಿಕೆ ಕರೆಂಟು ಮಳೆಯಲ್ಲಿ ಏರುತ್ತದೆ, ಯಾವ ತಂತಿಯೂ ಕೆಟ್ಟಿರಬೇಕಿಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿ 15ನ್ನು ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಫ್ರಿಜ್ಜು, ಗೀಸರು ಸೇರಿ ಮನೆಯ ಸೋರಿಕೆ ಏಳೆಂಟು ಇದ್ದರೆ, ಅದೇ ಆರ್‌ಸಿಸಿಬಿಯ ಹಿಂದೆ ಕೂತ ಇನ್ವರ್ಟರು ಉಳಿದದ್ದನ್ನು ತುಂಬಿಬಿಡುತ್ತದೆ. ಇಲ್ಲಿ ಮದ್ದು ಇನ್ವರ್ಟರಿಗೆ ಬೇರೆ ಸರ್ಕ್ಯೂಟ್ ಕೊಟ್ಟು, ತಯಾರಕರು ಹೇಳಿದ ಬಗೆಯ 100 ಅಥವಾ 300 ಮಿಲಿಆಂಪಿಯರಿನ ರಕ್ಷಣೆ ಇಡುವುದು, ಮನೆಗೆ 30ರದನ್ನೇ ಉಳಿಸುವುದು. ನಡೆಯುವುದು ಬಹಳ ಸಲ ಬೇರೆ. ಆರ್‌ಸಿಸಿಬಿಯನ್ನೇ ತೆಗೆದು ನೇರ ತಂತಿ ಕೊಟ್ಟು "ಇನ್ನ ಟ್ರಿಪ್ ಆಗಂಗಿಲ್ರಿ" ಎನ್ನುತ್ತಾರೆ. ನಿಜ, ಆಗುವುದಿಲ್ಲ. ಒದ್ದೆ ಕೈಯಲ್ಲಿ ಗೀಸರ್ ಮುಟ್ಟಿದವನು ಬಿದ್ದಾಗಲೂ ಆಗುವುದಿಲ್ಲ.

ಇನ್ನು ನೀರು ಹೋಗುವ ಜಾಗಗಳು. ಅವು ಅಚ್ಚರಿಯಾಗುವಷ್ಟು ಸಾಮಾನ್ಯ. ಕೇಬಲ್ಲನ್ನು ಎತ್ತಿ ಕಟ್ಟಿದ ಬಿಳಿ ನೈಲಾನ್ ಟೈ ಬಿಸಿಲಿಗೆ ಕೆಲವೇ ವರ್ಷದಲ್ಲಿ ಪುಡಿಯಾಗುತ್ತದೆ. ಕೇಬಲ್ಲುಗಳನ್ನು ಜೋಡಿಸುವ ಎಂಸಿ-4 ಕನೆಕ್ಟರ್ ಕೆಳಗೆ ಬಿದ್ದು ತಾರಸಿಯ ನಿಂತ ನೀರಿನಲ್ಲಿ ಮಲಗುತ್ತದೆ. ಬಿಸಿಲು ತಡೆಯುವ ಕಪ್ಪು ಟೈಗೆ ಹೆಚ್ಚಿಗೆ ಹೋಗುವುದು ಚಿಲ್ಲರೆ ಕಾಸು. ಪ್ಯಾನೆಲ್ಲಿನದು ಒಂದು ಕಂಪನಿಯ ಗಂಡು, ಅಂಗಡಿಯದು ಇನ್ನೊಂದರ ಹೆಣ್ಣು ಕನೆಕ್ಟರು: ಕ್ಲಿಕ್ ಎನ್ನುತ್ತವೆ, ನೀರು ತಡೆಯುವುದಿಲ್ಲ. ಕ್ರಿಂಪಿಂಗ್ ಉಪಕರಣವಿಲ್ಲದೆ ಪಕ್ಕಡದಿಂದ ಒತ್ತಿದ ಪಿನ್ನು, ಬಿಗಿಯದ ಹಿಂದಿನ ನಟ್ಟು, ತಗಡಿನ ಅಂಚಿಗೆ ಉಜ್ಜಿದ ಕೇಬಲ್, ಮಂಗ್ಯಾ ಜಗ್ಗಿದ್ದು, ಇಲಿ ಕಡಿದದ್ದು. ಪ್ಯಾನೆಲ್ಲಿನ ಕಡೆಯಿಂದ ಬರುವ ಕೇಬಲ್ಲನ್ನು ಡಿಸಿ ಬಾಕ್ಸಿಗೆ ಮೇಲಿನಿಂದ ಇಳಿಸಿದ್ದರೆ ನೀರು ಅದರ ಮೈಹಿಡಿದೇ ಒಳಬರುತ್ತದೆ. ಹಂಚಿನ ಮಾಡಿನ ಅಂಚನ್ನು ಗೋಡೆಯಾಚೆ ಚಾಚಿ ಹನಿ ಅಲ್ಲೇ ಉದುರುವಂತೆ ಮಾಡುವುದು ಖಾನಾಪುರದ ಯಾವ ಗೌಂಡಿಗೂ ಹೇಳಿಕೊಡಬೇಕಿಲ್ಲ. ಕೇಬಲ್ಲಿಗೂ ಬಾಕ್ಸಿಗಿಂತ ಕೆಳಗೆ ಒಂದು ಬಾಗು ಕೊಟ್ಟು, ಕೆಳಗಿನಿಂದ ಒಳಗೆ ತಂದರೆ ಅದೇ ಆಗುತ್ತದೆ. ಸಿಡಿಲಿನ ಹೊಡೆತವನ್ನು ಭೂಮಿಗೆ ಹರಿಸುವ ಎಸ್‌ಪಿಡಿಯನ್ನೂ ಮರೆಯುತ್ತಾರೆ. ಮೇ ತಿಂಗಳ ಗುಡುಗಿನ ಹೊಡೆತ ತಿಂದು ಅರ್ಧ ಸತ್ತ ಎಸ್‌ಪಿಡಿ ಭೂಮಿಗೆ ಸೋರುತ್ತಿರಬಹುದು. ಅದನ್ನು ಕಳಚಿ ಮತ್ತೆ ಅಳೆದರೆ ತಿಳಿಯುತ್ತದೆ.

ಸಿಲಿಕೋನ್ ಟ್ಯೂಬಿನ ವಿಚಾರ ಬೇರೆಯೇ ಹೇಳಬೇಕು. ಎಲ್ಲದಕ್ಕೂ ಅದನ್ನು ಮೆತ್ತುವುದು ಈಗ ದುರಸ್ತಿಯ ಗುರುತಾಗಿದೆ. ಹುಳಿ ವಾಸನೆ ಬರುವ ಅಗ್ಗದ ಸಿಲಿಕೋನ್ ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ. ಬಾಕ್ಸಿನ ಕೆಳಗಿನ ತೂತಿಗೂ ಮೆತ್ತಿದರೆ ಒಳಗಿನ ಬೆವರು ಅಲ್ಲೇ ಉಳಿಯುತ್ತದೆ. ಇದಕ್ಕಿಂತ ಕೆಟ್ಟದ್ದು, ಇನ್ವರ್ಟರಿನ ಸೆಟ್ಟಿಂಗಿನಲ್ಲಿ ಐಸೊಲೇಷನ್ ಮಿತಿಯನ್ನೇ ಕೆಳಗಿಳಿಸಿ ಹೋಗುವುದು. ನೂರಾರು ಪ್ಯಾನೆಲ್ಲುಗಳ ಕಾರ್ಖಾನೆ ಶೆಡ್ಡಿಗೆ ಅದಕ್ಕೆ ಸಮರ್ಥನೆ ಇದ್ದೀತು. ಆರು ಪ್ಯಾನೆಲ್ಲಿನ ಮನೆಗೆ ಇಲ್ಲ, ಮೇಲಿನ ಲೆಕ್ಕವೇ ಅದನ್ನು ಹೇಳುತ್ತದೆ.

ದೋಷ ಎಲ್ಲಿದೆ ಎಂದು ಹುಡುಕಲು ಇರುವ ದಾರಿ ಸೊಗಸಾದದ್ದು, ನಮ್ಮಲ್ಲಿ ಅದರ ಬಳಕೆ ಕಡಿಮೆ ಎಂಬುದೇ ಬೇಸರ. ಎಸಿ ಬಂದ್ ಮಾಡಿ, ಡಿಸಿ ಸ್ವಿಚ್ಚು ಬಂದ್ ಮಾಡಿ, ಪ್ಯಾನೆಲ್ಲಿನ ಕಡೆಯ ತುದಿಗಳಲ್ಲಿ ಮೂರು ಅಳತೆ ತೆಗೆದುಕೊಳ್ಳಬೇಕು: ಪ್ಲಸ್ಸಿನಿಂದ ಮೈನಸ್ಸಿಗೆ, ಪ್ಲಸ್ಸಿನಿಂದ ಅರ್ಥಿಂಗಿಗೆ, ಮೈನಸ್ಸಿನಿಂದ ಅರ್ಥಿಂಗಿಗೆ. ತಲಾ 50 ವೋಲ್ಟಿನ ಆರು ಪ್ಯಾನೆಲ್ಲಿಗೆ ಮೊದಲನೆಯದು 300 ಎಂದಿಟ್ಟುಕೊಳ್ಳಿ. ಪ್ಲಸ್ಸಿನಿಂದ ಅರ್ಥಿಂಗಿಗೆ 100, ಮೈನಸ್ಸಿನಿಂದ 200 ಬಂದರೆ ಸೋರಿಕೆ ಪ್ಲಸ್ ಕಡೆಯಿಂದ ಎರಡು ಪ್ಯಾನೆಲ್ ದಾಟಿದ ಜೋಡಣೆಯಲ್ಲಿದೆ. ಪ್ಲಸ್ಸಿನಿಂದ ಸೊನ್ನೆ ಬಂದು ಮೈನಸ್ಸಿನಿಂದ 300 ಬಂದರೆ ಕೆಳಗಿಳಿಯುವ ಪ್ಲಸ್ ಕೇಬಲ್ಲನ್ನೇ, ಅದರ ನೀರು ತುಂಬಿದ ಪೈಪನ್ನೇ ನೋಡಿ. ಎರಡೂ ಕಡೆ ಓದು ಇಳಿಯುತ್ತ ಸೊನ್ನೆಯ ಹತ್ತಿರ ಬಂದರೆ ಆ ಗಳಿಗೆಗೆ ದೋಷವಿಲ್ಲ. ಎರಡೂ ಸರಿಸಮ ಬಂದರೆ ಮಾತ್ರ ಅವಸರ ಬೇಡ: ಒದ್ದೆ ಪ್ಯಾನೆಲ್ಲುಗಳೆಲ್ಲ ಚೂರುಚೂರು ಸೋರಿದರೂ ಮೀಟರ್ ಹಾಗೆ ತೋರಿಸಬಹುದು. ಅಲ್ಲಿ ಮೆಗ್ಗರ್ ಹಿಡಿದು ಒಂದು ಮೆಗಾಓಮ್ ಇದೆಯೇ ಎಂದು ನೋಡಬೇಕು. 300 ವೋಲ್ಟಿನ ಡಿಸಿ ಜೀವ ತೆಗೆಯಬಲ್ಲದು, ಮೋಡದಲ್ಲೂ ಆರುವುದಿಲ್ಲ. ಈ ಕೆಲಸ ತಕ್ಕ ಮೀಟರಿರುವ ಕಲಿತವರದು, ಮನೆಯವರದಲ್ಲ.

ಇಡೀ ವಿಧಾನಕ್ಕಿರುವ ಷರತ್ತು ಒಂದೇ, ದೋಷ ಒದ್ದೆಯಾಗಿರುವಾಗಲೇ ಅಳೆಯಬೇಕು. ಬೆಳಗಾವಿಯಲ್ಲಿ ಮಳೆಯ ನಡುವೆ ಹೊಳವು ಕೊಡುತ್ತದೆ, ಅಂಗಡಿಯ ಹುಡುಗರು ಬರುವಷ್ಟರಲ್ಲಿ ತಾರಸಿ ಆರಿರುತ್ತದೆ. ಕನೆಕ್ಟರುಗಳ ಮೇಲೆ ಒಂದೊಂದಾಗಿ ನೀರು ಚಿಮುಕಿಸಿ ದೋಷವನ್ನು ಮರಳಿ ಕರೆಯುವ ಜಾಣರು ಇಲ್ಲಿದ್ದಾರೆ, ಅವರ ಕೆಲಸಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಖಾನಾಪುರದ ಪಶ್ಚಿಮ ಭಾಗದಲ್ಲಿ ಆ ಕಷ್ಟವೂ ಇಲ್ಲ. ಜುಲೈನಲ್ಲಿ ದಿನಗಟ್ಟಲೆ ಆರದ ದೋಷ ಕಾಯುತ್ತ ಕೂತಿರುತ್ತದೆ. ಆದರೆ ಅಲ್ಲಿಗೇ ಯಾರೂ ಹೋಗುವುದಿಲ್ಲ. ಐದು ವರ್ಷದ ನಿರ್ವಹಣೆ ಸೂರ್ಯಘರ್ ಯೋಜನೆಯ ಕರಾರಿನಲ್ಲೇ ಇದ್ದರೂ "ಮಳಿ ನಿಂತ ಮ್ಯಾಲ ಬರ್ತೀವ್ರಿ, ಈಗ ಹಂಚಿನ ಮ್ಯಾಲ ಹತ್ತಾಕ ಆಗಂಗಿಲ್ಲ" ಎಂಬ ಮಾತು ದಸರೆಯವರೆಗೆ ಓಡುತ್ತದೆ. ಪಾಚಿಗಟ್ಟಿದ ಹಂಚಿನ ಮೇಲೆ ಯಾರೂ ಹತ್ತಬಾರದು, ಅದು ಸರಿಯೇ. ಆದರೆ ಆ ಮೂರು ಅಳತೆಗೆ ಹತ್ತಬೇಕಾದದ್ದೂ ಇಲ್ಲ. ಡಿಸಿ ಬಾಕ್ಸು ಸಾಮಾನ್ಯವಾಗಿ ಪಡಸಾಲೆಯ ಗೋಡೆಯ ಮೇಲಿರುತ್ತದೆ. ಆಷಾಢದಲ್ಲೇ ಬಂದು ಅಲ್ಲಿ ನಿಂತು ಅಳೆದು, ಎಷ್ಟನೆಯ ಪ್ಯಾನೆಲ್ಲಿನ ಜೋಡಣೆ ಎಂದು ಬಾಕ್ಸಿನ ಮುಚ್ಚಳದ ಒಳಗೆ ಬರೆದು ಹೋದರೆ ದಸರೆಗೆ ಹತ್ತುವವನು ನೇರ ಅದೇ ಕನೆಕ್ಟರಿಗೆ ಕೈ ಹಾಕಬಹುದು.